ಹುಳ ಔಷಧಿಗೆ ಒಗ್ಗಿಕೊಂಡಿದೆಯಾ? ಅಪ್ಪನಿಗೂ ತಂಗಿಗೂ ಜಗಳ, ಯಾರಾದರೂ ಬಿಡಿಸಿ

ಆನಗೋಡು ಹುಡುಗ (ಭಾನುವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆ ತಾಲ್ಲೂಕು, ಆನಗೋಡು ಕಡೆ. ನಾಲ್ಕು ಎಕರೆ ಮೆಕ್ಕೆಜೋಳ ಹಾಕಿದ್ದೇವೆ. ಬಿತ್ತಿ ಇವತ್ತಿಗೆ ಮೂವತ್ತೆರಡು ದಿನ. ಸುಳಿಯೊಳಗೆ ಸೈನಿಕ ಹುಳ ಕೂತಿದೆ. ಎರಡು ಸಲ ಔಷಧಿ ಹೊಡೆದಾಯ್ತು. ಮೊದಲ ಸಲ ಒಂದಿಷ್ಟು ಸತ್ತವು. ಎರಡನೇ ಸಲ ಹೊಡೆದ ಮಾರನೇ ದಿನ ಹೋಗಿ ಸುಳಿ ಬಿಡಿಸಿದರೆ, ಹುಳ ಆರಾಮಾಗಿ ಊಟ ಮಾಡುತ್ತಾ ಕೂತಿತ್ತು.

ಅಪ್ಪ ಹೇಳಿದ್ದು: "ಹುಳ ಔಷಧಿಗೆ ಒಗ್ಗಿಕೊಂಡಿದೆ ಕಣೋ. ನಾನು ದಿನಾ ಸಂಜೆ ಮಂಡಕ್ಕಿ ಜೊತೆ ಮೆಣಸಿನಕಾಯಿ ತಿಂದು ಖಾರಕ್ಕೆ ಒಗ್ಗಿಲ್ವಾ, ಹಾಗೆ."

ತಂಗಿ ಎರಡನೇ ಪಿಯುಸಿ, ಸೈನ್ಸ್. ಅವಳು ಹಂಗಲ್ಲಪ್ಪಾ, ಹುಳ ಒಗ್ಗಲ್ಲ, ಹುಳದ ಗುಂಪು ಬದಲಾಗುತ್ತೆ ಅಂದಳು. ಅಪ್ಪನಿಗೆ ಸಿಟ್ಟು ಬಂತು. ಗುಂಪು ಅಂದರೆ ಹುಳಗಳೇ ತಾನೇ? ಹುಳ ಬದಲಾಗದೆ ಗುಂಪು ಹೇಗೆ ಬದಲಾಗುತ್ತೆ? ನನಗೂ ಅಪ್ಪನ ಮಾತೇ ಸರಿ ಅನ್ನಿಸಿತು. ಸುಮ್ನೆ ಊಟ ಮಾಡಿ ಎದ್ದು ಬಂದೆ. ಯಾರು ಸರಿ?

ಬೆಣ್ಣೆ ಜಾಸ್ತಿ ಹಾಕಿ (ಭಾನುವಾರ, ರಾತ್ರಿ 9:52)

ನಾಲ್ಕು ಎಕರೆ ಜೋಳ ಇಟ್ಟುಕೊಂಡು ತಂಗಿ ಜೊತೆ ಜಗಳ ಆಡುತ್ತಾ ಕೂತರೆ ಹುಳ ಒಗ್ಗದೆ ಇನ್ನೇನು ಮಾಡುತ್ತೆ.

ದುರ್ಗದ ಮೇಷ್ಟ್ರು (ಭಾನುವಾರ, ರಾತ್ರಿ 10:30)

ಜೀವಶಾಸ್ತ್ರ ಪಾಠ ಮಾಡಿ ರಿಟೈರ್ ಆದವನು, ಚಿತ್ರದುರ್ಗ. ಈ ಜಗಳ ನನಗೆ ಮೂವತ್ತು ವರ್ಷದಿಂದ ಗೊತ್ತು. ಪ್ರತಿ ವರ್ಷ ಕ್ಲಾಸಿನಲ್ಲಿ ಅರ್ಧ ಹುಡುಗರು ನಿಮ್ಮ ಅಪ್ಪನ ಕಡೆಗೇ ಇರುತ್ತಿದ್ದರು.

ತೊಂದರೆ ಇರುವುದು "ಒಗ್ಗು" ಅನ್ನುವ ಪದದಲ್ಲಿ. ನಾವು ಅದನ್ನು ಎರಡು ಬೇರೆ ಬೇರೆ ಕೆಲಸಕ್ಕೆ ಬಳಸುತ್ತೇವೆ. ನಿಮ್ಮ ಅಪ್ಪ ಖಾರಕ್ಕೆ ಒಗ್ಗಿದ್ದು ನಿಜ. ನಾಲಿಗೆಯ ನರದ ತುದಿಯಲ್ಲಿ ಖಾರ ಹಿಡಿಯುವ ಬಾಗಿಲುಗಳಿವೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಮತ್ತೆ ಮತ್ತೆ ತಾಗಿದರೆ ಅವು ಮಂಕಾಗುತ್ತವೆ. ಬಿಸಿಲಿಂದ ಮನೆಯೊಳಗೆ ಬಂದಾಗ ಮೊದಲು ಏನೂ ಕಾಣುವುದಿಲ್ಲ, ಆಮೇಲೆ ಕಾಣುತ್ತದೆ. ಅದೂ ಹೀಗೆಯೇ. ಒಬ್ಬನೇ ಮನುಷ್ಯ, ಅವನ ಮೈಯೇ ಬದಲಾಯಿತು. ಆದರೆ ಅವನು ಆರು ತಿಂಗಳು ಮೆಣಸಿನಕಾಯಿ ಬಿಟ್ಟರೆ ಮತ್ತೆ ಕಣ್ಣಲ್ಲಿ ನೀರು. ಅವನ ಮಗನಿಗೂ ಆ ಒಗ್ಗಿಕೆ ಹುಟ್ಟಿನಿಂದ ಬರುವುದಿಲ್ಲ.

ಹುಳದ ಕತೆ ಬೇರೆ. ಸೈನಿಕ ಹುಳದ ಮೊಟ್ಟೆಯಿಂದ ಪತಂಗದವರೆಗಿನ ಬಾಳು ನಮ್ಮ ಸೆಖೆಯಲ್ಲಿ ಸುಮಾರು ಒಂದು ತಿಂಗಳು. ಒಂದು ಹೆಣ್ಣು ಪತಂಗ ಸಾವಿರದೈನೂರಕ್ಕೂ ಜಾಸ್ತಿ ಮೊಟ್ಟೆ ಇಡಬಲ್ಲದು. ಅಷ್ಟು ಮರಿಗಳಲ್ಲಿ ಎಲ್ಲವೂ ಒಂದೇ ಅಚ್ಚಿನವಲ್ಲ. ಯಾವುದೋ ಒಂದೆರಡಕ್ಕೆ ಹುಟ್ಟಿನಿಂದಲೇ ಆ ವಿಷ ಕರಗಿಸುವ ಶಕ್ತಿ ಸ್ವಲ್ಪ ಹೆಚ್ಚು. ಔಷಧಿ ಬಿದ್ದಾಗ ಉಳಿದವೆಲ್ಲ ಸತ್ತವು, ಆ ಒಂದೆರಡು ಉಳಿದವು. ಮುಂದಿನ ತಿಂಗಳ ಮೊಟ್ಟೆ ಅವು ಇಟ್ಟವು. ಯಾವ ಹುಳವೂ ಏನೂ ಕಲಿಯಲಿಲ್ಲ. ಸಾಯಬೇಕಾದವು ಸತ್ತವು, ಅಷ್ಟೇ. ಲೆಕ್ಕ ಬದಲಾಯಿತು.

ಕುರಿ ಮಂದೆಯಲ್ಲಿ ನೂರು ಬಿಳಿ, ಎರಡು ಕರಿ ಇವೆ ಅನ್ನಿ. ಬಿಳಿಯವನ್ನೆಲ್ಲ ಸಂತೆಗೆ ಹೊಡೆದರೆ ಮಂದೆ ಕಪ್ಪಾಗುತ್ತದೆ. ಯಾವ ಕುರಿಯೂ ಬಣ್ಣ ಬದಲಿಸಲಿಲ್ಲ ಅಲ್ವಾ?

ಆನಗೋಡು ಹುಡುಗ (ಭಾನುವಾರ, ರಾತ್ರಿ 10:51)

ಕುರಿ ಲೆಕ್ಕ ಅಪ್ಪನಿಗೆ ಹಿಡಿಸಿತು. ಆದರೆ ಕೂಡಲೇ ಇನ್ನೊಂದು ಪ್ರಶ್ನೆ ಹಾಕಿದರು. "ಆ ಎರಡು ಕರಿ ಕುರಿ ಮೊದಲೇ ಇದ್ದವು ಅಂತ ಯಾರು ನೋಡಿದ್ದಾರೆ? ಔಷಧಿ ಬಿದ್ದ ಮೇಲೆ ಕಪ್ಪಾಗಿರಬಹುದಲ್ಲ?" ನನ್ನ ಹತ್ತಿರ ಉತ್ತರ ಇಲ್ಲ.

ಲ್ಯಾಬ್ ಅಕ್ಕ (ಸೋಮವಾರ, ಬೆಳಿಗ್ಗೆ 6:15)

ನಿಮ್ಮ ಅಪ್ಪ ಕೇಳಿದ್ದು ಸಣ್ಣ ಪ್ರಶ್ನೆ ಅಲ್ಲ. ನೊಬೆಲ್ ಬಂದ ಪ್ರಶ್ನೆ. ನಾನು ದಾವಣಗೆರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್, ನೈಟ್ ಡ್ಯೂಟಿ ಮುಗಿಸಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ಮೇಷ್ಟ್ರು ತಿದ್ದಲಿ.

1943ರಲ್ಲಿ ಲೂರಿಯಾ ಮತ್ತು ಡೆಲ್‌ಬ್ರೂಕ್ ಅನ್ನುವ ಇಬ್ಬರು ಇದನ್ನೇ ಪರೀಕ್ಷೆ ಮಾಡಿದರು. ಹುಳದ ಬದಲು ಬ್ಯಾಕ್ಟೀರಿಯಾ, ಔಷಧಿಯ ಬದಲು ಬ್ಯಾಕ್ಟೀರಿಯಾ ಕೊಲ್ಲುವ ವೈರಸ್. ತುಂಬಾ ಟ್ಯೂಬುಗಳಲ್ಲಿ ಕೆಲವೇ ಕೆಲವು ಬ್ಯಾಕ್ಟೀರಿಯಾ ಹಾಕಿ ಬೇರೆ ಬೇರೆಯಾಗಿ ಬೆಳೆಸಿದರು. ಪ್ರತಿ ಟ್ಯೂಬಿನಲ್ಲೂ ಕೋಟಿಗಟ್ಟಲೆ ಆದ ಮೇಲೆ ಒಂದೊಂದು ಟ್ಯೂಬನ್ನು ವೈರಸ್ ಹಚ್ಚಿದ ಒಂದೊಂದು ತಟ್ಟೆಗೆ ಸುರಿದರು. ಎಷ್ಟು ಬದುಕಿದವು ಅಂತ ಎಣಿಸಿದರು.

ವೈರಸ್ ತಾಗಿದ ಮೇಲೆ ಬ್ಯಾಕ್ಟೀರಿಯಾ ಬದಲಾಗುವುದಾದರೆ ಎಲ್ಲ ತಟ್ಟೆಯಲ್ಲೂ ಹೆಚ್ಚು ಕಡಿಮೆ ಅಷ್ಟಷ್ಟೇ ಉಳಿಯಬೇಕು. ಹಾಗಾಗಲಿಲ್ಲ. ಎಷ್ಟೋ ತಟ್ಟೆಯಲ್ಲಿ ಸೊನ್ನೆ. ಕೆಲವದರಲ್ಲಿ ಒಂದೆರಡು. ಅಲ್ಲೊಂದು ಇಲ್ಲೊಂದು ತಟ್ಟೆಯಲ್ಲಿ ಮಾತ್ರ ನೂರಾರು. ಯಾಕೆ? ಬದಲಾವಣೆ ವೈರಸ್ಸಿಗಿಂತ ಮೊದಲೇ, ಟ್ಯೂಬಿನಲ್ಲಿ ಬೆಳೆಯುವಾಗಲೇ ತಾನಾಗಿ ಆಗಿತ್ತು. ಮುತ್ತಜ್ಜನ ಕಾಲದಲ್ಲಿ ಆಗಿದ್ದರೆ ಊರು ತುಂಬ ಅವನ ಮರಿಮಕ್ಕಳು. ನಿನ್ನೆ ಸಂಜೆ ಆಗಿದ್ದರೆ ಒಬ್ಬನೇ ಮಗ. ಹಾಗಾಗಿ ತಟ್ಟೆಯಿಂದ ತಟ್ಟೆಗೆ ಅಷ್ಟು ವ್ಯತ್ಯಾಸ. ಲೂರಿಯಾಗೆ ಈ ಯೋಚನೆ ಹೊಳೆದದ್ದು ಒಂದು ಡಾನ್ಸ್ ಕಾರ್ಯಕ್ರಮದಲ್ಲಿ, ಗೆಳೆಯನೊಬ್ಬ ಕಾಸು ಹಾಕುವ ಜೂಜಿನ ಯಂತ್ರದ ಮುಂದೆ ನಿಂತು ಆಡುತ್ತಿದ್ದಾಗ. ಆ ಯಂತ್ರವೂ ಹಾಗೇ ಅಲ್ವಾ, ಹತ್ತಾರು ಸಲ ಏನೂ ಇಲ್ಲ, ಒಂದು ಸಲ ಮಡಿಲು ತುಂಬ ಕಾಸು.

1969ರಲ್ಲಿ ಹರ್ಷಿ ಅನ್ನುವ ಇನ್ನೊಬ್ಬ ವಿಜ್ಞಾನಿ ಜೊತೆ ಸೇರಿ ಇಬ್ಬರಿಗೂ ನೊಬೆಲ್ ಬಂತು. ಅಪ್ಪನಿಗೆ ಹೇಳಿ, ಅವರು ಸ್ವಲ್ಪ ತಡವಾಗಿ ಹುಟ್ಟಿದರು ಅಂತ.

ಕೋಟೆ ಕೋತಿ (ಸೋಮವಾರ, ಬೆಳಿಗ್ಗೆ 8:02)

ಒಂದು ಡೌಟು. ಎಂಎಸ್ಸಿ ಓದುತ್ತಿದ್ದೇನೆ. ಒಂಟಿ ಜೀವಿ ಒಗ್ಗುವುದೇ ಇಲ್ಲ ಅನ್ನುವ ಹಾಗೆ ಬರೆಯುತ್ತಿದ್ದೀರಿ. ಅದು ತಪ್ಪಾಗುತ್ತದೆ. ಕಂಬಳಿ ಹುಳಗಳಿಗೆ ಎಲೆಯ ಕಹಿ ವಿಷ ಸ್ವಲ್ಪ ಸ್ವಲ್ಪ ಸಿಕ್ಕಿದರೆ ಅವುಗಳ ಮೈಯಲ್ಲಿ ವಿಷ ಮುರಿಯುವ ಪಿ450 ಅನ್ನುವ ಕಿಣ್ವಗಳು ಜಾಸ್ತಿ ತಯಾರಾಗುತ್ತವೆ. ಸಾಯದಷ್ಟು ಔಷಧಿ ಬಿದ್ದರೂ ಹಾಗಾಗಬಹುದು. ಅದು ಅದೇ ಹುಳದ ಮೈಯಲ್ಲೇ ಆಗುವ ಬದಲಾವಣೆ. ಅಂದರೆ ಅಪ್ಪನಿಗೂ ಕಾಲು ಭಾಗ ಮಾರ್ಕ್ಸ್ ಕೊಡಬೇಕು.

ದುರ್ಗದ ಮೇಷ್ಟ್ರು (ಸೋಮವಾರ, ಬೆಳಿಗ್ಗೆ 8:20)

ಕೊಡೋಣ. ಸರಿಯಾಗಿ ಹಿಡಿದಿರಿ. ಕಾಲು ಭಾಗ, ಜಾಸ್ತಿ ಬೇಡ. ಆ ಕಿಣ್ವ ಎಷ್ಟು ಬೇಗ, ಎಷ್ಟು ಜಾಸ್ತಿ ತಯಾರಾಗಬೇಕು ಅನ್ನುವುದು ಮತ್ತೆ ಹುಟ್ಟಿನಿಂದ ಬಂದ ಗುಣವೇ.

ಕೋಟೆ ಕೋತಿ (ಸೋಮವಾರ, ಬೆಳಿಗ್ಗೆ 8:31)

ಇನ್ನೊಂದು. ಬ್ಯಾಕ್ಟೀರಿಯಾಗೂ ಒಂದು ಗಳಿಗೆಯಲ್ಲಿ ಒಗ್ಗುವುದು ಗೊತ್ತು. ಲ್ಯಾಬ್ ಅಕ್ಕ, ಇ. ಕೋಲಿ ಈಜುವ ಕತೆ ಹೇಳಿ. ನಾನು ಬರೆದರೆ ಪರೀಕ್ಷೆ ಉತ್ತರ ಆಗುತ್ತದೆ.

ಲ್ಯಾಬ್ ಅಕ್ಕ (ಸೋಮವಾರ, ಸಂಜೆ 5:10)

ನಿದ್ದೆ ಮಾಡಿ ಎದ್ದೆ. ಹೇಳುತ್ತೇನೆ, ನನಗೆ ತುಂಬಾ ಇಷ್ಟದ ಕತೆ.

ಇ. ಕೋಲಿ ಅಂದರೆ ನಮ್ಮ ಕರುಳಲ್ಲಿ ಇರುವ ಬ್ಯಾಕ್ಟೀರಿಯಾ. ಉದ್ದ ಸುಮಾರು ಎರಡು ಮೈಕ್ರೋಮೀಟರ್. ಐನೂರು ಸಾಲಾಗಿ ನಿಂತರೆ ಒಂದು ಮಿಲಿಮೀಟರ್. ಅದಕ್ಕೆ ಕೂದಲಿನಂಥ ಬಾಲಗಳಿವೆ. ಪ್ರತಿ ಬಾಲದ ಬುಡದಲ್ಲಿ ನಿಜವಾಗಿಯೂ ತಿರುಗುವ ಒಂದು ಮೋಟಾರ್ ಇದೆ, ಸೆಕೆಂಡಿಗೆ ನೂರು ಸುತ್ತಿಗೂ ಜಾಸ್ತಿ. ಎಡಕ್ಕೆ ತಿರುಗಿದರೆ ಬಾಲಗಳೆಲ್ಲ ಜಡೆಯ ಹಾಗೆ ಸೇರಿಕೊಂಡು ಬ್ಯಾಕ್ಟೀರಿಯಾ ನೇರ ಓಡುತ್ತದೆ. ಬಲಕ್ಕೆ ತಿರುಗಿದರೆ ಜಡೆ ಬಿಚ್ಚಿಕೊಂಡು ಅದು ನಿಂತಲ್ಲೇ ಪಲ್ಟಿ ಹೊಡೆಯುತ್ತದೆ. ಒಂದು ಸೆಕೆಂಡ್ ಓಟ, ಸೆಕೆಂಡಿನ ಹತ್ತನೇ ಒಂದು ಭಾಗ ಪಲ್ಟಿ, ಮತ್ತೆ ಯಾವ ಕಡೆಗೋ ಓಟ. ಹೋವರ್ಡ್ ಬರ್ಗ್ ಅನ್ನುವವರು ಒಂದೇ ಒಂದು ಬ್ಯಾಕ್ಟೀರಿಯಾದ ಹಿಂದೆ ಬೀಳುವ ಮೈಕ್ರೋಸ್ಕೋಪು ಕಟ್ಟಿ 1972ರಲ್ಲಿ ಇದನ್ನು ತೋರಿಸಿದರು.

ಈಗ ಮಜಾ. ಇದಕ್ಕೆ ಕಣ್ಣಿಲ್ಲ. ಸಕ್ಕರೆ ಎಲ್ಲಿದೆ ಅಂತ ದೂರದಿಂದ ಗೊತ್ತಾಗುವುದಿಲ್ಲ. ಮೈ ಎಷ್ಟು ಚಿಕ್ಕದು ಅಂದರೆ ತಲೆಯ ಕಡೆ ಸಿಹಿ ಜಾಸ್ತಿಯೋ ಬಾಲದ ಕಡೆಯೋ ಅಂತ ಹೋಲಿಸಿ ದಾರಿ ಹಿಡಿಯುವುದೂ ಅದಕ್ಕೆ ಆಗದು. ಅದು ಕೇಳಿಕೊಳ್ಳುವುದು ಒಂದೇ: ಎರಡು ಮೂರು ಸೆಕೆಂಡ್ ಹಿಂದೆ ಇದ್ದದ್ದಕ್ಕಿಂತ ಈಗ ಸಿಹಿ ಜಾಸ್ತಿಯಾ? ಜಾಸ್ತಿ ಇದ್ದರೆ ಪಲ್ಟಿ ಹೊಡೆಯುವುದನ್ನು ಮುಂದೂಡಿ ಓಡುತ್ತಲೇ ಇರುತ್ತದೆ. ಅಷ್ಟೇ. ಹೀಗೆ ಕುಡಿದವರ ಹಾಗೆ ಅಡ್ಡಾದಿಡ್ಡಿ ಹೋಗುತ್ತಲೇ ಸಕ್ಕರೆ ಇರುವ ಕಡೆ ತಲುಪುತ್ತದೆ.

ಅಲ್ಲಿ ತಲುಪಿದ ಮೇಲೆ ಸುತ್ತಲೂ ಸಿಹಿಯೇ. ಆಗ ಅದು ಆ ಸಿಹಿಗೆ "ಒಗ್ಗಿ" ಮತ್ತೆ ಮೊದಲಿನ ಹಾಗೆ ಪಲ್ಟಿ ಶುರು ಮಾಡುತ್ತದೆ. ವಾಸನೆ ಹಿಡಿಯುವ ಪ್ರೋಟೀನಿಗೆ ಸಣ್ಣ ಸಣ್ಣ ಮೀಥೈಲ್ ತುಣುಕು ಅಂಟಿಸಿ, ಕಿತ್ತು, ತಕ್ಕಡಿ ಸರಿ ಮಾಡಿಕೊಳ್ಳುತ್ತದೆ. ಈ ತುಣುಕುಗಳೇ ಅದರ ನೆನಪು. ಒಗ್ಗದೇ ಹೋದರೆ ಇನ್ನೂ ಜಾಸ್ತಿ ಸಿಹಿ ಎಲ್ಲಿದೆ ಅಂತ ಅದಕ್ಕೆ ಗೊತ್ತಾಗುವುದೇ ಇಲ್ಲ. ಹಾಗಾಗಿ ಇಲ್ಲಿ ಒಗ್ಗುವುದು ಚಲನೆಯ ಒಂದು ಭಾಗ.

ಇನ್ನು ಇದರ ಬೆನ್ನು ಹತ್ತುವ ನಮ್ಮ ಬಿಳಿ ರಕ್ತಕಣ. ಅದಕ್ಕೆ ಬಾಲ ಇಲ್ಲ. ನ್ಯೂಟ್ರೋಫಿಲ್ ಅನ್ನುವ ಈ ಬಿಳಿ ಕಣ ದೊಡ್ಡದು, ಹನ್ನೆರಡು ಮೈಕ್ರೋಮೀಟರ್ ಮೇಲೆ, ಹಾಗಾಗಿ ಮೈಯ ಆ ಕಡೆ ಈ ಕಡೆ ಹೋಲಿಸಬಲ್ಲದು. ವಾಸನೆ ಜಾಸ್ತಿ ಇರುವ ಕಡೆ ಒಳಗಿನ ಆಕ್ಟಿನ್ ಎಳೆಗಳನ್ನು ಕಟ್ಟಿ ಮೈ ಮುಂದಕ್ಕೆ ಚಾಚುತ್ತದೆ, ಹಿಂದಿನದನ್ನು ಎಳೆದುಕೊಳ್ಳುತ್ತದೆ. ನಿಮಿಷಕ್ಕೆ ಹತ್ತು ಮೈಕ್ರೋಮೀಟರ್ ಅಷ್ಟೇ, ತೆವಳುವುದು. ಆದರೆ ರಕ್ತನಾಳದ ಗೋಡೆಯ ಸಂದಿಯಲ್ಲಿ ತೂರಿಕೊಂಡು ಹೊರಗೆ ಬರುತ್ತದೆ. ಮುಳ್ಳು ಚುಚ್ಚಿದ ಜಾಗದಲ್ಲಿ ಕೀವು ಅಂತ ಕಾಣುತ್ತದಲ್ಲ, ಅದರಲ್ಲಿ ಹೆಚ್ಚಿನ ಪಾಲು ಹೀಗೆ ತೆವಳಿ ಬಂದು ಸತ್ತ ಕಣಗಳೇ.

ಬೆಣ್ಣೆ ಜಾಸ್ತಿ ಹಾಕಿ (ಸೋಮವಾರ, ಸಂಜೆ 5:25)

ದೋಸೆ ತಿನ್ನುತ್ತಾ ಓದುತ್ತಿದ್ದೆ ಅಕ್ಕ. ಕೀವು ಬೇಕಿತ್ತಾ.

ಶೇಂಗಾ ಚಳ್ಳಕೆರೆ (ಸೋಮವಾರ, ರಾತ್ರಿ 8:44)

ಬ್ಯಾಕ್ಟೀರಿಯಾ ಓಡುತ್ತೆ, ಹುಳ ಓಡುತ್ತೆ ಸರಿ. ನಿಂತಲ್ಲೇ ನಿಂತು ಚಲಿಸುವ ನಮ್ಮ ಶೇಂಗಾ ಬಗ್ಗೆ ಯಾರೂ ಹೇಳಲಿಲ್ಲ.

ನನ್ನ ಲೆಕ್ಕದಲ್ಲಿ ಗಿಡಗಳ ಚಲನೆಯಲ್ಲಿ ಶೇಂಗಾಗೆ ಮೊದಲ ಬಹುಮಾನ. ಹೂವು ಬಿಡುವುದು ನೆಲದ ಮೇಲೆ, ಹಳದಿ ಹೂವು. ಆಮೇಲೆ ಹೂವಿನ ಬುಡದಿಂದ ಸೂಜಿಯಂಥ ಊಡು ಹೊರಟು ಕೆಳಮುಖವಾಗಿ ಬೆಳೆಯುತ್ತದೆ. ಬೇರಲ್ಲ ಅದು, ತುದಿಯಲ್ಲಿ ಗರ್ಭ ಹೊತ್ತ ಕಡ್ಡಿ. ಮಣ್ಣಿನೊಳಗೆ ಇಳಿದು ಕತ್ತಲಾದ ಮೇಲೆಯೇ ಕಾಯಿ ಕಟ್ಟುವುದು. ಮಣ್ಣು ಸಿಗದಿದ್ದರೆ ಗಾಳಿಯಲ್ಲೇ ಒಣಗಿ ಹೋಗುತ್ತದೆ. ಅದಕ್ಕೇ ಊಡು ಇಳಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ, ನೆಲ ಗಟ್ಟಿಯಾದರೆ, ನಮ್ಮ ಕತೆ ಮುಗಿಯಿತು. ಗಿಡ ಹಸಿರಾಗಿ ಚೆನ್ನಾಗಿಯೇ ಇರುತ್ತದೆ, ಕಿತ್ತರೆ ಕೆಳಗೆ ಏನೂ ಇಲ್ಲ. ಜಿಪ್ಸಂ ಹಾಕುವುದೂ ಇದಕ್ಕೇ. ಕಾಯಿ ತನಗೆ ಬೇಕಾದ ಕ್ಯಾಲ್ಸಿಯಂ ಬೇರಿನಿಂದ ಕಾಯುವುದಿಲ್ಲ, ಸುತ್ತಲ ಮಣ್ಣಿನಿಂದ ನೇರ ಹೀರುತ್ತದೆ.

ಚಳ್ಳಕೆರೆಯಂಥ ಒಣ ನೆಲದಲ್ಲಿ ತಾಯಿಯೇ ಮಗುವನ್ನು ಭೂಮಿಯೊಳಗೆ ಬಚ್ಚಿಟ್ಟ ಹಾಗೆ. ಆದರೆ ಗಿಡ ನಮ್ಮದಲ್ಲ ಬಿಡಿ, ದಕ್ಷಿಣ ಅಮೆರಿಕದಿಂದ ಬಂದದ್ದು.

ದುರ್ಗದ ಮೇಷ್ಟ್ರು (ಸೋಮವಾರ, ರಾತ್ರಿ 9:05)

ಹೌದಲ್ಲ. ಮೆಕ್ಕೆಜೋಳವೂ ಅಮೆರಿಕದ್ದು, ಸೈನಿಕ ಹುಳವೂ ಅಮೆರಿಕದ್ದು, ಶೇಂಗಾವೂ. ನಮ್ಮ ಹೊಲದಲ್ಲಿ ನಮ್ಮದು ಅಂತ ಇರುವುದು ಸಾಲ ಒಂದೇ.

ಶೇಂಗಾ ಪಕ್ಕದಲ್ಲೇ ಸೂರ್ಯಕಾಂತಿ ಇರುತ್ತದಲ್ಲ, ಅದನ್ನೂ ಸ್ವಲ್ಪ ನೋಡಿ. ಎಳೆ ಗಿಡ ದಿನವಿಡೀ ಸೂರ್ಯನ ಹಿಂದೆ ತಿರುಗುತ್ತದೆ. ಹಗಲು ಕಾಂಡದ ಪೂರ್ವದ ಕಡೆ ಜಾಸ್ತಿ ಬೆಳೆಯುತ್ತದೆ, ರಾತ್ರಿ ಪಶ್ಚಿಮದ ಕಡೆ. ಬೆಳಗಾಗುವ ಮೊದಲೇ ಅದು ಪೂರ್ವಕ್ಕೆ ತಿರುಗಿ ಕಾಯುತ್ತಿರುತ್ತದೆ. ಹೂವು ಬಲಿತ ಮೇಲೆ ತಿರುಗುವುದು ನಿಂತು ಪೂರ್ವಕ್ಕೇ ಮುಖ ಮಾಡಿ ನಿಲ್ಲುತ್ತದೆ. ಬೆಳಗಿನ ಬಿಸಿಲಿಗೆ ಹೂವು ಬೇಗ ಬೆಚ್ಚಗಾದರೆ ಜೇನು ಜಾಸ್ತಿ ಬರುತ್ತದೆ. 2016ರಲ್ಲಿ ಕೆಲವು ಹೂವುಗಳನ್ನು ಬೇಕೆಂದೇ ಪಶ್ಚಿಮಕ್ಕೆ ತಿರುಗಿಸಿ ನೋಡಿದವರು ಇದನ್ನು ತೋರಿಸಿದರು.

ಹಕ್ಕಿ ಹುಚ್ಚಿ (ಸೋಮವಾರ, ರಾತ್ರಿ 9:48)

ನಾನೂ ಬರುತ್ತೇನೆ. ಹರಿಹರದವಳು. ರಜೆ ಸಿಕ್ಕರೆ ಬೈನಾಕ್ಯುಲರ್ ತಗೊಂಡು ಕೊಂಡಜ್ಜಿ ಕೆರೆ ಏರಿ ಮೇಲೆ.

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆ ತಲೆಯ ಬಾತುಗಳು ಬರುತ್ತವೆ. ಆ ಕೆರೆ 2024ರಲ್ಲಿ ಜಗತ್ತಿನ ಮುಖ್ಯ ಕೆರೆ, ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಟಿಬೆಟ್, ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ. ಟ್ರ್ಯಾಕರ್ ಕಟ್ಟಿ ಅಳೆದಾಗ 7,290 ಮೀಟರ್ ಎತ್ತರದಲ್ಲೂ ಹಾರಿದ್ದು ಸಿಕ್ಕಿದೆ. ಅಲ್ಲಿ ಉಸಿರಾಡುವ ಆಮ್ಲಜನಕ ನೆಲದಲ್ಲಿರುವುದರ ಅರ್ಧವೂ ಇಲ್ಲ. ಸುಮ್ನೆ ಎತ್ತರದಲ್ಲೇ ಹೋಗುವುದಿಲ್ಲ ಪಾಪ, ಬೆಟ್ಟ ಏರಿದಂತೆ ಏರಿ ಕಣಿವೆ ಬಂದರೆ ಇಳಿಯುತ್ತವೆ.

ಇಲ್ಲಿ ನೋಡಿ, ಮೇಷ್ಟ್ರು ಹೇಳಿದ ಎರಡು "ಒಗ್ಗು" ಬೇರೆ ಬೇರೆಯಾಗಿ ಕಾಣುತ್ತವೆ. ನಾನು ಲಡಾಖಿಗೆ ಹೋದಾಗ ಎರಡು ದಿನ ತಲೆ ಸಿಡಿಯುತ್ತಿತ್ತು. ಆಮೇಲೆ ಸರಿಯಾಯಿತು, ಊರಿಗೆ ಬಂದ ಮೇಲೆ ಎಲ್ಲ ಮೊದಲಿನಂತೆ. ಈ ಬಾತಿನ ಹಿಮೋಗ್ಲೋಬಿನ್ನಿನಲ್ಲೇ ಸಣ್ಣ ಬದಲಾವಣೆ ಇದೆ, ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುತ್ತದೆ. ಅದು ಅವುಗಳ ಕುಲಕ್ಕೇ ಬಂದದ್ದು. ಮಾಗಡಿ ಕೆರೆಯಲ್ಲಿ ಬೆಚ್ಚಗೆ ಕೂತಿದ್ದರೂ ಹೋಗುವುದಿಲ್ಲ.

ಆದರೆ ನನಗೆ ಬಾತಿಗಿಂತ ಜಾಸ್ತಿ ಬೆರಗು ಏರೋಪ್ಲೇನ್ ಚಿಟ್ಟೆ. ಮಳೆಗಾಲದ ಕೊನೆಗೆ ಬಯಲಲ್ಲಿ, ಆಟದ ಮೈದಾನದಲ್ಲಿ ನೂರಾರು ಹಳದಿ ಏರೋಪ್ಲೇನ್ ಚಿಟ್ಟೆ ಸುಮ್ನೆ ಹಾರಾಡುತ್ತಿರುತ್ತವಲ್ಲ, ಅವು. ಚಾರ್ಲ್ಸ್ ಆಂಡರ್ಸನ್ ಅನ್ನುವವರು ಮಾಲ್ಡೀವ್ಸಿನಲ್ಲಿ ಪ್ರತಿ ವರ್ಷ ಅಕ್ಟೋಬರ್ ಹೊತ್ತಿಗೆ ಇವು ಲಕ್ಷಗಟ್ಟಲೆ ಬಂದಿಳಿಯುವುದನ್ನು ಗಮನಿಸಿದರು. ಆ ದ್ವೀಪಗಳಲ್ಲಿ ಮೊಟ್ಟೆ ಇಡಲು ಸಿಹಿನೀರೇ ಸರಿಯಾಗಿ ಇಲ್ಲ. ಹಾಗಾದರೆ ಎಲ್ಲಿಂದ ಬಂದವು, ಎಲ್ಲಿಗೆ ಹೊರಟವು? ಭಾರತದಿಂದ ಗಾಳಿ ಹಿಡಿದು ಸಮುದ್ರ ದಾಟಿ ಪೂರ್ವ ಆಫ್ರಿಕಾಕ್ಕೆ ಅಂತ 2009ರಲ್ಲಿ ಅವರು ಬರೆದರು. ಮಳೆ ಎಲ್ಲಿ ಬೀಳುತ್ತದೋ ಅಲ್ಲಿಗೆ. ಹೊಂಡದ ನೀರು ಆರುವ ಮೊದಲು, ಒಂದೂವರೆ ತಿಂಗಳಲ್ಲಿ, ಮರಿ ದೊಡ್ಡದಾಗಿ ಹಾರಿಬಿಡುತ್ತದೆ. ಹೋಗಿ ಬರುವ ಪೂರ್ತಿ ಸುತ್ತು ಒಂದೇ ಚಿಟ್ಟೆ ಮಾಡುವುದಲ್ಲ. ಸುಮಾರು ನಾಲ್ಕು ತಲೆಮಾರು ಬೇಕು. ಹೋದವರು ಬರುವುದಿಲ್ಲ, ಬಂದವರು ಹೋಗಿರಲಿಲ್ಲ.

ಹತ್ತಿ ಕೈಬಿಟ್ಟವನು (ಸೋಮವಾರ, ರಾತ್ರಿ 10:15)

ಟಿಬೆಟ್ಟು, ಆಫ್ರಿಕಾ ಎಲ್ಲ ತಿರುಗಿ ಬಂದ್ರಿ. ಹುಡುಗನ ಜೋಳ ಅಲ್ಲೇ ಇದೆ. ವಿಷಯಕ್ಕೆ ಬನ್ನಿ ಸ್ವಾಮಿ.

ನಾನು ಜಗಳೂರು ಸೀಮೆಯವನು. ಈ ಒಗ್ಗುವ ಕತೆಯಲ್ಲಿ ನನ್ನದೇ ತಪ್ಪು ಒಂದಿದೆ, ಹೇಳಿಬಿಡುತ್ತೇನೆ. ಬಿಟಿ ಹತ್ತಿ, ಅಂದರೆ ತಿಂದ ಹುಳ ಸಾಯುವ ಹಾಗೆ ಗಿಡವೇ ವಿಷ ತಯಾರಿಸುವ ಹತ್ತಿ, ನಮ್ಮ ದೇಶಕ್ಕೆ ಬಂದಿದ್ದು 2002ರಲ್ಲಿ. ಬೀಜದ ಡಬ್ಬಿಯಲ್ಲಿ 450 ಗ್ರಾಂ ಬಿಟಿ ಬೀಜ, ಜೊತೆಗೆ 120 ಗ್ರಾಂ ಮಾಮೂಲಿ ಹತ್ತಿ ಬೀಜದ ಬೇರೆ ಪೊಟ್ಟಣ. ಹೊಲದ ಸುತ್ತ ಇದನ್ನು ಹಾಕಿ ಅಂತ ಬರೆದಿರುತ್ತಿತ್ತು. ಹುಳ ತಿನ್ನಲಿ ಅಂತ ಯಾರಾದರೂ ಹತ್ತಿ ಬೆಳೆಯುತ್ತಾರಾ? ಪೊಟ್ಟಣವನ್ನು ಬದುವಿಗೆ ಎಸೆದೆ. ನಾನೊಬ್ಬನೇ ಅಲ್ಲ, ನನ್ನ ಸುತ್ತ ಎಲ್ಲರೂ ಎಸೆದರು.

ಅದು ಯಾಕೆ ಅಂತ ತಿಳಿದದ್ದು ಗುಲಾಬಿ ಕಾಯಿಕೊರಕ ಬಂದು ಕಾಯಿ ಒಳಗೆಲ್ಲ ತಿಂದ ಮೇಲೆ. ಮೊದಲ ತಳಿಯ ಬಿಟಿ ಗುಲಾಬಿ ಹುಳಕ್ಕೆ ನಾಟುತ್ತಿಲ್ಲ ಅಂತ ಗುಜರಾತಿನಿಂದ 2010ರಲ್ಲೇ ಸುದ್ದಿ ಬಂದಿತ್ತು. ನಾವು ಕೇಳಿಸಿಕೊಳ್ಳಲಿಲ್ಲ.

ಆನಗೋಡು ಹುಡುಗ (ಸೋಮವಾರ, ರಾತ್ರಿ 10:22)

ಆ ಮಾಮೂಲಿ ಬೀಜದಿಂದ ಏನು ಉಪಯೋಗ ಆಗುತ್ತಿತ್ತು ಅಣ್ಣಾ?

ಹತ್ತಿ ಕೈಬಿಟ್ಟವನು (ಸೋಮವಾರ, ರಾತ್ರಿ 10:30)

ಮೇಷ್ಟ್ರು ಹೇಳಲಿ. ನಾನು ಹೇಳಿದರೆ ಬೈಗುಳ ಬರುತ್ತದೆ, ನನಗೆ ನಾನೇ.

ದುರ್ಗದ ಮೇಷ್ಟ್ರು (ಮಂಗಳವಾರ, ಬೆಳಿಗ್ಗೆ 7:10)

ನನ್ನ ಕರಿ ಕುರಿ ಬಿಳಿ ಕುರಿ ಲೆಕ್ಕದಲ್ಲಿ ಒಂದು ವಿಷಯ ಬಿಟ್ಟಿದ್ದೆ. ಕುರಿಗಳು ಓಡಾಡುತ್ತವೆ.

ಬಿಟಿ ಹೊಲದಲ್ಲಿ ಉಳಿಯುವುದು ಗಟ್ಟಿ ಹುಳ ಮಾತ್ರ, ಕೆಲವೇ. ಗಟ್ಟಿ ಗಂಡು ಗಟ್ಟಿ ಹೆಣ್ಣನ್ನೇ ಕೂಡಿದರೆ ಮಕ್ಕಳೆಲ್ಲ ಗಟ್ಟಿ. ಆದರೆ ಪಕ್ಕದಲ್ಲಿ ಮಾಮೂಲಿ ಹತ್ತಿ ಇದ್ದರೆ ಅಲ್ಲಿ ಮೆತ್ತನೆಯ ಹುಳ ಸಾವಿರ ಬದುಕುತ್ತವೆ. ಅವು ಪತಂಗವಾಗಿ ಹಾರಿ ಬಂದು ಈ ಒಂದೆರಡು ಗಟ್ಟಿ ಪತಂಗಗಳನ್ನು ಕೂಡುತ್ತವೆ. ಹುಟ್ಟುವ ಮರಿಗಳಲ್ಲಿ ಹೆಚ್ಚಿನವಕ್ಕೆ ಗಟ್ಟಿ ಗುಣ ಒಂದೇ ಪಾಲು, ಅಪ್ಪನಿಂದ ಇಲ್ಲವೇ ಅಮ್ಮನಿಂದ, ಅಷ್ಟು ಸಾಲದು. ಬಿಟಿ ತಿಂದರೆ ಸಾಯುತ್ತವೆ. ಹಾಲಿಗೆ ನೀರು ಬೆರೆಸಿದ ಹಾಗೆ, ಆದರೆ ಇಲ್ಲಿ ಬೆರೆಸುವುದೇ ಒಳ್ಳೆಯದು. ಆ 120 ಗ್ರಾಂ ಪೊಟ್ಟಣದ ಲೆಕ್ಕ ಪೂರ್ತಿ ನಿಂತದ್ದು ಪತಂಗ ಹಾರುತ್ತದೆ ಅನ್ನುವುದರ ಮೇಲೆ.

ಈಗ ನಿಮ್ಮ ಸೈನಿಕ ಹುಳಕ್ಕೆ ಬರುತ್ತೇನೆ. ಇದು ಆಫ್ರಿಕಾದಲ್ಲಿ ಮೊದಲು ಕಂಡಿದ್ದು 2016ರಲ್ಲಿ. ಭಾರತದಲ್ಲಿ ಮೊದಲು ಗುರುತಿಸಿದ್ದು 2018ರ ಮೇ ತಿಂಗಳಲ್ಲಿ, ದೂರ ಎಲ್ಲೂ ಅಲ್ಲ, ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಪತಂಗ ಒಂದು ರಾತ್ರಿಗೆ ಗಾಳಿ ಹಿಡಿದು ನೂರು ಕಿಲೋಮೀಟರ್ ಹೋಗಬಲ್ಲದು. ಮೊಟ್ಟೆಯಿಂದ ಆಗಷ್ಟೇ ಬಂದ ಮರಿಯೂ ಸುಮ್ನೆ ಇರುವುದಿಲ್ಲ, ರೇಷ್ಮೆ ಎಳೆ ಬಿಟ್ಟು ಗಾಳಿಯಲ್ಲಿ ತೂಗಿ ಪಕ್ಕದ ಗಿಡಕ್ಕೆ ಹೋಗುತ್ತದೆ. ಹಾಗಾಗಿ ನೀವು "ನಮ್ಮ ಹೊಲದ ಹುಳ" ಅನ್ನುತ್ತೀರಲ್ಲ, ಅದು ನಿಮ್ಮದಲ್ಲ. ಅದರ ಅಪ್ಪ ಅಮ್ಮ ಹೊನ್ನಾಳಿಯವರೋ ರಾಣೆಬೆನ್ನೂರಿನವರೋ ಇರಬಹುದು. ಅಲ್ಲಿ ಯಾವ ಔಷಧಿ ಹೊಡೆದಿದ್ದಾರೋ ಅದಕ್ಕೆ ಉಳಿದವೇ ನಿಮ್ಮಲ್ಲಿಗೆ ಬಂದಿವೆ. ನಿಮ್ಮ ಹೊಲದಲ್ಲಿ ಉಳಿದವು ಚಿತ್ರದುರ್ಗಕ್ಕೆ ಬರುತ್ತವೆ. ಪೋರ್ಟೊ ರಿಕೊದಲ್ಲಿ ಇದೇ ಹುಳ ಒಂದು ಬಗೆಯ ಬಿಟಿ ಮೆಕ್ಕೆಜೋಳವನ್ನು ಮೀರಿ ನಿಂತು, ಆ ಬೀಜವನ್ನೇ ಅಲ್ಲಿ ಮಾರುಕಟ್ಟೆಯಿಂದ ತೆಗೆಯಬೇಕಾಯಿತು.

ಕೋಟೆ ಕೋತಿ (ಮಂಗಳವಾರ, ಬೆಳಿಗ್ಗೆ 7:38)

ಇದಕ್ಕೆ ಆಸ್ಟ್ರೇಲಿಯಾದ ಕಪ್ಪೆ ಸೇರಿಸಲೇಬೇಕು. ಕಬ್ಬಿನ ದುಂಬಿ ತಿನ್ನಲಿ ಅಂತ 1935ರಲ್ಲಿ ಹವಾಯಿಯಿಂದ ತಂದು ಬಿಟ್ಟ ವಿಷಗಪ್ಪೆ. ದುಂಬಿ ತಿನ್ನಲಿಲ್ಲ, ದೇಶ ಎಲ್ಲ ಹರಡಿತು. ಮೊದಮೊದಲು ವರ್ಷಕ್ಕೆ ಸುಮಾರು ಹತ್ತು ಕಿಲೋಮೀಟರ್ ಹರಡುತ್ತಿತ್ತು. ಆಮೇಲೆ ಐವತ್ತು ದಾಟಿತು. 2006ರಲ್ಲಿ ಅಳೆದು ನೋಡಿದರೆ ಮುಂಚೂಣಿಯಲ್ಲಿ ಇರುವ ಕಪ್ಪೆಗಳ ಕಾಲು ಉದ್ದ!

ಯಾಕೆ ಅಂದರೆ ಮುಂದೆ ಇರುವವು ಯಾರು? ಜೋರಾಗಿ ಕುಪ್ಪಳಿಸುವವು. ಅವುಗಳ ಸುತ್ತ ಸಿಗುವ ಜೋಡಿಯೂ ಜೋರಾಗಿ ಕುಪ್ಪಳಿಸುವವೇ. ಮಕ್ಕಳು ಇನ್ನೂ ಜೋರು. ಜಾತ್ರೆಯಲ್ಲಿ ತೇರಿನ ಮುಂದೆ ಓಡುವ ಹುಡುಗರಿಗೆ ಅಲ್ಲೇ ಮದುವೆ ಮಾಡಿದ ಹಾಗೆ.

ಹಕ್ಕಿ ಹುಚ್ಚಿ (ಮಂಗಳವಾರ, ಬೆಳಿಗ್ಗೆ 7:55)

ಓಡಾಡುವುದು ಬದಲಾವಣೆಯನ್ನು ಹಂಚುತ್ತೆ, ತಿಳಿಯಾಗಿಸುತ್ತೆ, ಕೊನೆಗೆ ಓಡಾಟವೇ ಬದಲಾಗುತ್ತೆ. ತಲೆ ತಿರುಗುತ್ತಿದೆ.

ಸುಳಿ ಬಿಡಿಸಿ ನೋಡಿ (ಮಂಗಳವಾರ, ಮಧ್ಯಾಹ್ನ 1:20)

ಕೃಷಿ ಓದಿದವನು. ಇಷ್ಟೂ ಓದಿದೆ, ಚೆನ್ನಾಗಿದೆ. ಆದರೆ ಯಾರೂ ಕೇಳಬೇಕಾದ ಮೊದಲ ಪ್ರಶ್ನೆ ಕೇಳಲಿಲ್ಲ. ಹುಳ ನಿಜವಾಗಿ ಔಷಧಿ ಮೀರಿದೆಯಾ? ಔಷಧಿ ಹುಳಕ್ಕೆ ತಾಗಿದೆಯಾ?

ಮೂವತ್ತು ದಿನದ ಬೆಳೆಯಲ್ಲಿ ದೊಡ್ಡ ಹುಳ ಸುಳಿಯ ತಳದಲ್ಲಿ ಕೂತು ಮೇಲೆ ತನ್ನದೇ ಹಿಕ್ಕೆಯ ಬಿರಟೆ ಹಾಕಿಕೊಂಡಿರುತ್ತದೆ. ಹೊರಗಿನಿಂದ ಎಲೆ ತೋಯಿಸಿದರೆ ಅದಕ್ಕೆ ಒಂದು ಹನಿಯೂ ಮುಟ್ಟುವುದಿಲ್ಲ. ಸಣ್ಣ ಮರಿಗೆ ಸಾಕಾಗುವ ಔಷಧಿ ಬಲಿತ ಹುಳಕ್ಕೆ ಸಾಕಾಗುವುದೂ ಇಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಹೊಡೆದರೂ ದಂಡ. ಕೆಲವು ಔಷಧಿ ಕೆಲಸ ಮಾಡಿದ್ದರೂ ಹುಳ ಪೂರ್ತಿ ಸಾಯಲು ಎರಡು ಮೂರು ದಿನ ಬೇಕು. ಆದರೆ ಅಂಥ ಹುಳ ತಿನ್ನುವುದನ್ನು ಬೇಗ ನಿಲ್ಲಿಸಿರುತ್ತದೆ. ನಿಮ್ಮದು ತಿನ್ನುತ್ತಿತ್ತು ಅಂದಿರಿ. ಹಾಗಾಗಿ ಮುಟ್ಟಿಲ್ಲ ಅಂತ ನನ್ನ ಅನುಮಾನ.

ತಲೆಯ ಮೇಲೆ ಇಂಗ್ಲಿಷಿನ ವೈ ಅಕ್ಷರ ತಿರುವಿ ಬರೆದ ಹಾಗೆ ಗುರುತು, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಚುಕ್ಕೆ ಇದೆಯಾ ನೋಡಿ. ಒಂದು ಸುಳಿಯಲ್ಲಿ ಎಷ್ಟು ಹುಳ ಇವೆ ಎಣಿಸಿ. ಒಂದೇ ದೊಡ್ಡದು ಇದ್ದರೆ ಆಶ್ಚರ್ಯ ಬೇಡ, ಇವು ಒಂದನ್ನೊಂದು ತಿನ್ನುತ್ತವೆ.

ಇನ್ನೊಂದು ಮುಖ್ಯ. ಎರಡು ಸಲ ಹೊಡೆದ ಎರಡು ಬಾಟಲಿಯ ಟೆಕ್ನಿಕಲ್ ಹೆಸರು ಓದಿ ಹೇಳಿ. ದೊಡ್ಡ ಅಕ್ಷರದ ಹೆಸರಲ್ಲ, ಕೆಳಗೆ ಸಣ್ಣದಾಗಿ ಇರುವುದು.

ಆನಗೋಡು ಹುಡುಗ (ಮಂಗಳವಾರ, ರಾತ್ರಿ 8:15)

ಹಟ್ಟಿಯಲ್ಲಿ ಹುಡುಕಿ ಎರಡೂ ಬಾಟಲಿ ತೆಗೆದೆ. ಒಂದು ನೀಲಿ, ಒಂದು ಕೆಂಪು. ಬೇರೆ ಬೇರೆ ಕಂಪನಿ. ಎರಡನೆಯದಕ್ಕೆ ಇನ್ನೂರು ರೂಪಾಯಿ ಜಾಸ್ತಿ ಕೊಟ್ಟಿದ್ದೆವು, ಪವರ್ ಜಾಸ್ತಿ ಅಂತ ಅಂಗಡಿಯವರು ಹೇಳಿದ್ದಕ್ಕೆ. ಸಣ್ಣ ಅಕ್ಷರದಲ್ಲಿ ಎರಡರ ಮೇಲೂ ಎಮಾಮೆಕ್ಟಿನ್ ಬೆಂಜೊಯೇಟ್ ಅಂತಲೇ ಇದೆ. ಪ್ರಮಾಣವೂ ಅದೇ.

ಹತ್ತಿ ಕೈಬಿಟ್ಟವನು (ಮಂಗಳವಾರ, ರಾತ್ರಿ 8:19)

ಅಂಗಿ ಬದಲಿಸಿ ಬಂದ ಅದೇ ಅಳಿಯ.

ಸುಳಿ ಬಿಡಿಸಿ ನೋಡಿ (ಮಂಗಳವಾರ, ರಾತ್ರಿ 8:40)

ಇದೇ ನನ್ನ ಭಯ ಇತ್ತು. ಔಷಧಿ ಬದಲಿಸಿದೆ ಅಂತ ಅಂದುಕೊಂಡು ಒಂದೇ ಜರಡಿಯಲ್ಲಿ ಎರಡು ಸಲ ಸೋಸಿದ್ದೀರಿ. ಹುಳ ಇವತ್ತು ಮೀರಿಲ್ಲದಿದ್ದರೂ ಹೀಗೇ ಮಾಡುತ್ತಾ ಹೋದರೆ ಮೀರುವುದನ್ನು ನಾವೇ ಆರಿಸಿ ಕೊಟ್ಟ ಹಾಗೆ. ಮುಂದಿನದು ಬೇರೆ ಗುಂಪಿನ, ಅಂದರೆ ಹುಳವನ್ನು ಬೇರೆ ರೀತಿಯಲ್ಲಿ ಕೊಲ್ಲುವ ಔಷಧಿಯೇ ಆಗಬೇಕು. ಯಾವುದು, ಎಷ್ಟು ಅಂತ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ, ಅಂಗಡಿಯಲ್ಲಲ್ಲ. ಸಂಜೆ ಹೊತ್ತು, ಸುಳಿಯೊಳಗೇ ಬೀಳುವ ಹಾಗೆ. ಮಳೆ ಮೋಡ ಹೀಗೇ ಇದ್ದರೆ ಶಿಲೀಂಧ್ರದ ಪುಡಿಯೂ ಚೆನ್ನಾಗಿ ಕೆಲಸ ಮಾಡುತ್ತದೆ. ಮೆಟಾರೈಜಿಯಂ ರಿಲೇಯಿ ಅಂತ, ಹಳೇ ಹೆಸರು ನೊಮೂರಿಯಾ. ಅದು ಹಿಡಿದ ಹುಳ ಬೆಳ್ಳಗೆ ಸೆಟೆದು ಆಮೇಲೆ ಹಸಿರು ಪುಡಿ ಬಿಡುತ್ತದೆ. ನಿಮ್ಮ ಹೊಲದಲ್ಲಿ ಈಗಾಗಲೇ ಅಂಥ ಹುಳ ಇದ್ದರೆ ಕಿತ್ತು ಹಾಕಬೇಡಿ, ಅದು ನಿಮ್ಮ ಪರ ಕೆಲಸ ಮಾಡುತ್ತಿದೆ.

ಲ್ಯಾಬ್ ಅಕ್ಕ (ಮಂಗಳವಾರ, ರಾತ್ರಿ 9:30)

ಬಾಟಲಿ ಕತೆ ಓದಿ ನಮ್ಮ ಲ್ಯಾಬೇ ನೆನಪಾಯಿತು. ಜ್ವರಕ್ಕೆ ಎರಡು ದಿನ ಒಂದು ಆಂಟಿಬಯೋಟಿಕ್, ವಾಸಿ ಆಗಲಿಲ್ಲ ಅಂತ ಬೇರೆ ಹೆಸರಿನ ಅದೇ ಮಾತ್ರೆ ಇನ್ನೆರಡು ದಿನ. ಆಮೇಲೆ ಸ್ಯಾಂಪಲ್ ನಮ್ಮ ಹತ್ತಿರ ಬರುತ್ತದೆ.

ಹಾರ್ವರ್ಡಿನಲ್ಲಿ ಮೈಕೆಲ್ ಬೇಮ್, ರಾಯ್ ಕಿಶೋನಿ ಮತ್ತು ಜೊತೆಗಾರರು 2016ರಲ್ಲಿ ಒಂದು ದೊಡ್ಡ ತಟ್ಟೆ ಮಾಡಿದರು. ಎರಡು ಅಡಿ ಅಗಲ, ನಾಲ್ಕು ಅಡಿ ಉದ್ದ. ಎರಡೂ ಅಂಚಿನಲ್ಲಿ ಔಷಧಿ ಇಲ್ಲ. ನಡುವಿನ ಕಡೆ ಹೋದಂತೆ ಪಟ್ಟಿ ಪಟ್ಟಿಯಾಗಿ ಔಷಧಿ ಜಾಸ್ತಿ, ನಟ್ಟ ನಡುವೆ ಸಾವಿರ ಪಟ್ಟು. ಅಂಚಿನಲ್ಲಿ ಇ. ಕೋಲಿ ಬಿಟ್ಟರು. ಅವು ಈಜುತ್ತಾ ಹರಡಿ ಮೊದಲ ಗೆರೆಗೆ ಬಂದು ನಿಂತವು. ನಿಂತವು, ನಿಂತವು. ಆಮೇಲೆ ಒಂದು ಕಡೆ ಬೀಸಣಿಗೆಯ ಹಾಗೆ ಒಂದು ಕವಲು ಒಳಗೆ ನುಗ್ಗಿತು. ಯಾವುದೋ ಒಂದರ ಮಕ್ಕಳು. ಹೀಗೆ ಗೆರೆಯಿಂದ ಗೆರೆಗೆ, ಹತ್ತು ಹನ್ನೆರಡು ದಿನದಲ್ಲಿ ಸಾವಿರ ಪಟ್ಟು ಇದ್ದ ನಡುವಿಗೆ ಬಂದವು. ವಿಡಿಯೋ ಇದೆ, ನಿಮ್ಮ ಅಪ್ಪನಿಗೆ ತೋರಿಸಿ. ಪ್ರತಿ ಗೆರೆಯಲ್ಲೂ ಎಷ್ಟು ನಿಂತವು, ಎಷ್ಟು ದಾಟಿದವು ಅನ್ನುವುದು ಕಣ್ಣಿಗೇ ಕಾಣುತ್ತದೆ.

ಆನಗೋಡು ಹುಡುಗ (ಬುಧವಾರ, ರಾತ್ರಿ 9:05)

ತೋರಿಸಿದೆ. ಅಪ್ಪ ಮೂರು ಸಲ ನೋಡಿದರು. ಮೊದಲ ಗೆರೆಯಲ್ಲಿ ನಿಂತದ್ದನ್ನು ನೋಡಿ "ಪಾಪ" ಅಂದರು, ಯಾಕೋ.

ಇವತ್ತು ಬೆಳಿಗ್ಗೆ ನಾನು, ಅಪ್ಪ, ತಂಗಿ ಮೂವರೂ ಹೋಗಿ ಐವತ್ತು ಗಿಡದ ಸುಳಿ ಬಿಡಿಸಿ ನೋಡಿದೆವು. ಹನ್ನೊಂದರಲ್ಲಿ ಜೀವಂತ ಹುಳ, ಎಲ್ಲ ದೊಡ್ಡವು, ಒಂದೊಂದೇ. ತಲೆ ಮೇಲೆ ವೈ ಗುರುತು ಇದೆ. ಮೇಲಿನ ಹಿಕ್ಕೆ ಒಣಗಿ ಗಟ್ಟಿಯಾಗಿತ್ತು, ಔಷಧಿ ಇಳಿದ ಹಾಗೆ ಕಾಣಲಿಲ್ಲ. ಎರಡು ಗಿಡದಲ್ಲಿ ಬೆಳ್ಳಗೆ ಸೆಟೆದ ಹುಳ ಸಿಕ್ಕಿತು. ಅಪ್ಪ ಕೀಳಲು ಹೋದರು, ತಂಗಿ ಕೈ ಹಿಡಿದಳು. ನಾಳೆ ಕೇಂದ್ರಕ್ಕೆ ಹೋಗುತ್ತಿದ್ದೇವೆ, ಎರಡೂ ಬಾಟಲಿ ತಗೊಂಡು.

ಸಂಜೆ ಅಪ್ಪ ಅಕ್ಕಪಕ್ಕದ ಐದು ಹೊಲದವರಿಗೆ ಫೋನ್ ಮಾಡಿ "ನೀವು ಯಾವ ಔಷಧಿ ಹೊಡೆದ್ರಿ, ಸಣ್ಣ ಅಕ್ಷರದ್ದು ಓದಿ" ಅಂತ ಕೇಳುತ್ತಿದ್ದರು. ಮೂವರದ್ದು ಅದೇ. ಒಬ್ಬರಿಗೆ ಕನ್ನಡಕ ಸಿಗಲಿಲ್ಲ.

ಬೆಣ್ಣೆ ಜಾಸ್ತಿ ಹಾಕಿ (ಬುಧವಾರ, ರಾತ್ರಿ 9:11)

ಜಗಳ ಯಾರು ಗೆದ್ದರು ಹೇಳಲೇ ಇಲ್ಲ.

ಆನಗೋಡು ಹುಡುಗ (ಬುಧವಾರ, ರಾತ್ರಿ 9:14)

ಅಪ್ಪ ಇನ್ನೂ "ಒಗ್ಗಿದೆ" ಅಂತಲೇ ಅನ್ನುತ್ತಾರೆ. ತಂಗಿ ಈಗ ತಿದ್ದುತ್ತಿಲ್ಲ. ಇಬ್ಬರೂ ಮಂಡಕ್ಕಿ ತಿನ್ನುತ್ತಾ ಕೂತಿದ್ದಾರೆ. ಮೆಣಸಿನಕಾಯಿಗೆ ತಂಗಿಯ ಕಣ್ಣಲ್ಲಿ ನೀರು.